ರಿಜಿಸ್ಟರಲ್ಲಿ 4,312 ಪುಸ್ತಕ, ತಿಂಗಳಿಗೆ ಹೊರಗೆ ಹೋಗೋದು 40: ಎಲ್ಲಿಂದ ಶುರು ಮಾಡೋದು?

ಕಾಫಿಸೀಮೆ

ಎಲ್ಲರಿಗೂ ನಮಸ್ಕಾರ. ಸಕಲೇಶಪುರ ಕಡೆಯ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ (ಬೋರ್ಡಿನ ಮೇಲೆ ಈಗ ‘ಅರಿವು ಕೇಂದ್ರ’) ಹೊಸದಾಗಿ ಮೇಲ್ವಿಚಾರಕಿ ಆಗಿದ್ದೇನೆ. 20 ಅಡಿಗೆ 15 ಅಡಿ ಒಂದೇ ಕೋಣೆ, ಮುಂದೆ ಜಗುಲಿ. ಕಬ್ಬಿಣದ ರ‍್ಯಾಕ್ 6, ಒಂದೊಂದಕ್ಕೆ 6 ಹಲಗೆ, ಹಲಗೆ 3 ಅಡಿ ಉದ್ದ. ಪುಸ್ತಕದ ರಿಜಿಸ್ಟರಿನ ಕೊನೇ ನಂಬರು 4,312. ದಿನಕ್ಕೆ 30 ಜನ ಬರ್ತಾರೆ, ಮುಕ್ಕಾಲು ಪಾಲು ಪೇಪರ್ ಓದಿ ಎದ್ದು ಹೋಗೋರು. ಮನೆಗೆ ಪುಸ್ತಕ ಹೋಗೋದು ತಿಂಗಳಿಗೆ 40 ಆದ್ರೆ ಹೆಚ್ಚು. ಈ ವರ್ಷ ₹30,000 ಕೊಡಬಹುದು, ಏನು ಬೇಕೋ ಪಟ್ಟಿ ಕೊಡಿ ಅಂದಿದ್ದಾರೆ ಪಿಡಿಒ. ಹೊಸ ಪುಸ್ತಕ ತಗೊಳ್ಳೋದಾ, ಸಾಫ್ಟ್‌ವೇರ್ ಹಾಕಿಸೋದಾ, ಮಕ್ಕಳಿಗೆ ಕಾರ್ಯಕ್ರಮ ಮಾಡೋದಾ? ಕೆಲಸಕ್ಕೆ ಇರೋದು ನಾನೊಬ್ಬಳೇ.

ಹಳೇ ಲೆಡ್ಜರ್

ಮೇಡಂ, ಪಟ್ಟಿ ಆಮೇಲೆ. ನೀವೇ ಕೊಟ್ಟ ಅಂಕಿಗಳನ್ನ ಒಮ್ಮೆ ಗುಣಿಸಿ ನೋಡಿ. ಒಟ್ಟು 36 ಹಲಗೆ. ಕನ್ನಡ ಪುಸ್ತಕ ಸರಾಸರಿ ಒಂದೂವರೆ ಸೆಂ.ಮೀ. ದಪ್ಪ ಅಂತಿಟ್ಟುಕೊಂಡ್ರೆ 3 ಅಡಿಗೆ 60 ಹಿಡಿಸುತ್ತೆ, ಅದೂ ಬೆರಳು ತೂರದ ಹಾಗೆ ತುರುಕಿದ್ರೆ. ಬೆನ್ನು ಹರಿಯದ ಹಾಗೆ ಎಳೆಯೋಕೆ, ವಾಪಸ್ ಇಡೋಕೆ ಜಾಗ ಬೇಕು ಅಂದ್ರೆ 45. ಅಲ್ಲಿಗೆ 36 × 45 = 1,620. ಮಿಕ್ಕ 2,700 ಎಲ್ಲಿವೆ? ಒಂದೋ ಎರಡು ಸಾಲಾಗಿ ಜೋಡಿಸಿದ್ದಾರೆ, ಒಂದೋ ಮೂಟೆ ಕಟ್ಟಿದ್ದಾರೆ, ಇಲ್ಲಾ ಅವು ಇಲ್ಲವೇ ಇಲ್ಲ. ಹಿಂದಿನ ಸಾಲಿನ ಪುಸ್ತಕವನ್ನ ಯಾರೂ ಕೇಳಲ್ಲ, ಯಾಕಂದ್ರೆ ಯಾರಿಗೂ ಕಾಣಲ್ಲ. ನಿಮ್ಮ 40ಕ್ಕೆ ಅರ್ಧ ಕಾರಣ ಅದೇ ಇರಬೇಕು.

ಕಾಫಿಸೀಮೆ

ಸರಿಯಾಗಿ ಹಿಡಿದ್ರಿ ಸಾರ್. ಎಲ್ಲಾ ಹಲಗೆಯಲ್ಲೂ ಎರಡೆರಡು ಸಾಲು. ಅಟ್ಟದ ಮೇಲೆ ಏಳು ಗೋಣಿಚೀಲ ಬೇರೆ, ಬಿಚ್ಚಿಲ್ಲ. ಚಾರ್ಜ್ ಕೊಡುವಾಗ ಎಣಿಸಿ ಕೊಟ್ಟಿಲ್ಲ. ಈಗ ಎಲ್ಲಾ ಎಣಿಸಲೇಬೇಕಾ?

ಹಳೇ ಲೆಡ್ಜರ್

ಎಣಿಸಬೇಕು, ಆದರೆ ಮೊದಲ ವಾರದಲ್ಲೇ ಅಲ್ಲ. ಮೊದಲು ಮಾದರಿ ತೆಗೀರಿ. ರಿಜಿಸ್ಟರಿನಲ್ಲಿ 7ರಿಂದ ಶುರು ಮಾಡಿ ಪ್ರತಿ 20ನೇ ನಂಬರು ಬರ್ಕೊಳ್ಳಿ: 7, 27, 47... ಹೀಗೆ ಸುಮಾರು 215 ನಂಬರು ಬರುತ್ತೆ. ಒಂದೊಂದನ್ನೂ ಹುಡುಕಿ ಮೂರೇ ವಿಷಯ ಗುರುತು ಹಾಕಿ: ಸಿಕ್ತಾ, ಸ್ಥಿತಿ ಹೇಗಿದೆ, ಪುಸ್ತಕದೊಳಗೆ ಅಂಟಿಸಿದ ದಿನಾಂಕ ಚೀಟಿಯಲ್ಲಿ ಕೊನೇ ಮೊಹರು ಯಾವಾಗಿನದು. ಮೂರು ನಾಲ್ಕು ದಿನದ ಕೆಲಸ. ಉದಾಹರಣೆಗೆ 215ರಲ್ಲಿ 18 ಸಿಗಲಿಲ್ಲ ಅನ್ನಿ, ಅದು ಶೇ 8.4. ಇಡೀ ಗ್ರಂಥಾಲಯಕ್ಕೆ ಸುಮಾರು 360 ನಾಪತ್ತೆ. ಮಾದರಿ ಲೆಕ್ಕ ಆದ್ದರಿಂದ ನಿಜ ಸಂಖ್ಯೆ 200ರಿಂದ 520ರ ಒಳಗೆ ಎಲ್ಲಾದರೂ ಇರಬಹುದು. ಪಿಡಿಒ ಮುಂದೆ ಇಡೋಕೆ ಇಷ್ಟು ಸಾಕು. ಮೂಟೆ ಬಿಚ್ಚದೆ ಹುಡುಕಿದ್ರೆ ಮಾತ್ರ ಮೂಟೆಯಲ್ಲಿ ಇರೋದೆಲ್ಲ ನಾಪತ್ತೆ ಲೆಕ್ಕಕ್ಕೆ ಸೇರಿಬಿಡುತ್ತೆ, ಹುಷಾರು.

ಪೂರ್ತಿ ಎಣಿಕೆ ಮಾಡಿದ ಮೇಲೆ ಕಳೆದುಹೋದ ಪುಸ್ತಕಕ್ಕೆ ಹೆದರಬೇಡಿ. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು 2017, ನಿಯಮ 215ರಲ್ಲಿ ಓದುಗರ ಕೈಗೆ ಹೋದ ಪ್ರತಿ 1,000 ಸಂಪುಟಕ್ಕೆ ವರ್ಷಕ್ಕೆ 5 ಕಳೆದರೆ ಸಹಜ ಅಂತ ಒಪ್ಪಿಕೊಂಡಿದ್ದಾರೆ, ಮೋಸ ಅಥವಾ ನಿರ್ಲಕ್ಷ್ಯ ಇಲ್ಲದಿದ್ದರೆ. ₹1,000ಕ್ಕಿಂತ ಹೆಚ್ಚು ಬೆಲೆಯದು, ಅಪರೂಪದ್ದು ಕಳೆದರೆ ವಿಚಾರಣೆ ಆಗಲೇಬೇಕು. ಅದೇ ನಿಯಮದ ಪ್ರಕಾರ 20,000 ಸಂಪುಟದವರೆಗಿನ ಗ್ರಂಥಾಲಯದಲ್ಲಿ ವರ್ಷಕ್ಕೊಮ್ಮೆ ಪೂರ್ತಿ ತಪಾಸಣೆ. ಅದು ಕೇಂದ್ರದ ಕಚೇರಿಗಳಿಗೆ ಬರೆದದ್ದು, ಪಂಚಾಯಿತಿಗೆ ನೇರವಾಗಿ ಹತ್ತಲ್ಲ. ಆದರೆ ಟಿಪ್ಪಣಿ ಬರೆಯುವಾಗ ಆಧಾರಕ್ಕೆ ಒಳ್ಳೇದು. ಮುಖ್ಯ ಮಾತು, ಚಾರ್ಜ್ ತಗೊಂಡ ದಿನಾಂಕ ಹಾಕಿ ‘ಎಣಿಕೆ ಇಲ್ಲದೆ ವಹಿಸಿಕೊಳ್ಳಲಾಗಿದೆ’ ಅಂತ ಇವತ್ತೇ ಒಂದು ಪತ್ರ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ತಡ ಮಾಡಿದಷ್ಟೂ ಹಳೇ ನಷ್ಟ ನಿಮ್ಮ ತಲೆಗೆ ಬರುತ್ತೆ.

ಇನ್ನು ಹಲಗೆ ಮೇಲೆ ಯಾವ 1,600 ಇರಬೇಕು? ಮೊದಲು ಹೋಗಬೇಕಾದ್ದು ತಪ್ಪು ಹೇಳೋ ಪುಸ್ತಕ. ಕರ್ನಾಟಕದಲ್ಲಿ 30 ಜಿಲ್ಲೆ ಅಂತ ಬರೆದಿರೋ ಸಾಮಾನ್ಯ ಜ್ಞಾನದ ಗೈಡು 2021ಕ್ಕೆ ಹಿಂದಿನದು, ವಿಜಯನಗರ ಜಿಲ್ಲೆ ಆಗೋ ಮುಂಚಿನದು. ಐಪಿಸಿ ಸೆಕ್ಷನ್ ಕಲಿಸೋ ಕಾನೂನು ಕೈಪಿಡಿಗೂ ಅದೇ ಗತಿ. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಪೊಲೀಸ್ ಪರೀಕ್ಷೆಗೆ ಓದೋ ಹುಡುಗ ಹಳೇದನ್ನ ಬಾಯಿಪಾಠ ಮಾಡಿದ್ರೆ ನಷ್ಟ ಅವನಿಗೆ. ಆಮೇಲೆ ಒಂದೇ ಪುಸ್ತಕದ ಐದೈದು ಪ್ರತಿ. ಸಗಟಾಗಿ ಬಂದ ಸರಬರಾಜಿನಲ್ಲಿ ಇದು ಬಹಳ. ಎರಡು ಇಟ್ಟು ಮಿಕ್ಕಿದ್ದು ಪೆಟ್ಟಿಗೆಗೆ.

ಮೊಹರು ಬಿದ್ದಿಲ್ಲ ಅಂತ ಮಾತ್ರ ಕಣ್ಣು ಮುಚ್ಚಿ ತೆಗೀಬೇಡಿ. ಹಿಂದಿನ ಸಾಲಿನಲ್ಲಿ ಹತ್ತು ವರ್ಷ ಕೂತ ಪುಸ್ತಕಕ್ಕೆ ಮೊಹರು ಎಲ್ಲಿಂದ ಬೀಳುತ್ತೆ? ಒಂದು ವರ್ಷ ಮುಂದಿನ ಸಾಲಿಗೆ ತಂದು ನೋಡಿ. ನಿಮ್ಮೂರಿನ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ, ತಾಲ್ಲೂಕು ಸಾಹಿತ್ಯ ಸಮ್ಮೇಳನದ ಸಂಚಿಕೆ, ಸ್ಥಳೀಯರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಕವನ ಸಂಕಲನ, ಇವನ್ನು ಯಾರೂ ಓದದಿದ್ದರೂ ಬಿಡಬೇಡಿ. ಬೇರೆ ಎಲ್ಲೂ ಸಿಗಲ್ಲ. ಹಲಗೆಯಿಂದ ಇಳಿಸೋದು ನಿಮ್ಮ ಕೈಲಿದೆ, ರಿಜಿಸ್ಟರಿನಿಂದ ತೆಗೆಯೋದು ಇಲ್ಲ. ಅದಕ್ಕೆ ಪಟ್ಟಿ, ಕಾರಣ, ಪಂಚಾಯಿತಿ ನಡವಳಿ, ಲಿಖಿತ ಆದೇಶ ಬೇಕು. ಅದು ಬರೋವರೆಗೂ ಒಂದು ಹಾಳೆಯನ್ನೂ ರದ್ದಿಗೆ ಹಾಕಬೇಡಿ. ತೆಗೆದ ಪುಸ್ತಕದ ನಂಬರನ್ನ ಇನ್ನೊಂದಕ್ಕೆ ಯಾವತ್ತೂ ಕೊಡಬಾರದು.

ಬಣ್ಣದ ಚುಕ್ಕಿ

ಮೇಲಿನವರು ಹೇಳಿದ್ದಕ್ಕೆ ನನ್ನದೊಂದು ಸೇರ್ಪಡೆ: ಜೋಡಣೆ. ಸಣ್ಣ ಗ್ರಂಥಾಲಯಗಳಲ್ಲಿ ಬಹಳ ಕಡೆ ರಿಜಿಸ್ಟರ್ ನಂಬರಿನ ಪ್ರಕಾರವೇ ಜೋಡಿಸಿರ್ತಾರೆ. ಎಣಿಸೋರಿಗೆ ಸುಲಭ, ಓದೋರಿಗೆ ಕಣ್ಣಿಗೆ ಬಟ್ಟೆ. ಮೇಕೆ ಸಾಕಣೆ ಪಕ್ಕದಲ್ಲಿ ವಚನ, ಅದರ ಪಕ್ಕ ಬೀಜಗಣಿತ.

ಹಾಗಂತ ವಿಷಯಕ್ಕೊಂದು ಸಂಖ್ಯೆ ಕೊಡೋ ಡ್ಯೂಯಿ ದಶಮಾಂಶ ಪದ್ಧತಿಯನ್ನ ಪೂರ್ತಿ ಹಾಕೋಕೆ ಹೋಗಬೇಡಿ. ಡ್ಯೂಯಿಯಲ್ಲಿ ಕನ್ನಡ ಸಾಹಿತ್ಯ 894.814, ಕಥೆ ಕಾದಂಬರಿ 894.8143. ನಿಮ್ಮ ಅರ್ಧ ಗ್ರಂಥಾಲಯ ಇದೊಂದೇ ಸಂಖ್ಯೆ ಕೆಳಗೆ ಬರುತ್ತೆ. ಬೆನ್ನ ಮೇಲೆ ಏಳು ಅಂಕಿ ಬರೆದು ಯಾರಿಗೆ ಉಪಯೋಗ? ಸಂಖ್ಯೆ ರಿಜಿಸ್ಟರಿನಲ್ಲಿರಲಿ. ಬೆನ್ನಿಗೆ ಒಂದು ಬಣ್ಣದ ಚುಕ್ಕಿ, ಕೆಳಗೆ ಲೇಖಕರ ಹೆಸರಿನ ಮೊದಲ ಎರಡು ಅಕ್ಷರ. ಎಂಟು ಬಣ್ಣ ಸಾಕು: ಮಕ್ಕಳು, ಕಥೆ-ಕಾದಂಬರಿ, ಕಾವ್ಯ-ನಾಟಕ, ಜೀವನ ಚರಿತ್ರೆ, ಕೃಷಿ-ತೋಟಗಾರಿಕೆ, ಆರೋಗ್ಯ-ವಿಜ್ಞಾನ, ಇತಿಹಾಸ-ಧರ್ಮ, ಪರೀಕ್ಷೆ. ನಿಮ್ಮ ಕಡೆ ಕಾಫಿ, ಮೆಣಸು, ಏಲಕ್ಕಿ ಬೆಳೆಯೋರು ಇದ್ದಾರೆ, ಕೃಷಿಯನ್ನ ಬಾಗಿಲ ಹತ್ತಿರದ ಹಲಗೆಗೆ ತನ್ನಿ.

ಲೇಖಕರ ಹೆಸರಲ್ಲಿ ಎಡವೋದು ಜಾಸ್ತಿ. ಒಂದೇ ನಿಯಮ ಇಟ್ಕೊಳ್ಳಿ: ಜನ ಯಾವ ಹೆಸರಲ್ಲಿ ಕೇಳ್ತಾರೋ ಅದು. ಕುವೆಂಪು ‘ಕು’ ಅಡಿಯಲ್ಲಿ, ‘ಪು’ ಅಡಿಯಲ್ಲಿ ಅಲ್ಲ. ತ್ರಿವೇಣಿ ‘ತ್ರಿ’. ಇನಿಷಿಯಲ್ಲು, ಡಾ., ಶ್ರೀ, ಪ್ರೊ. ಯಾವುದೂ ಲೆಕ್ಕಕ್ಕಿಲ್ಲ. ಗೊಂದಲ ಬಂದ ಹೆಸರುಗಳನ್ನ ಒಂದು ಪುಟದಲ್ಲಿ ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿ. ಇವತ್ತು ಒಂದು ತೀರ್ಮಾನ, ನಾಳೆ ಇನ್ನೊಂದು ಆದರೆ ಅದೇ ಲೇಖಕರು ಎರಡು ಕಡೆ ಕೂರ್ತಾರೆ.

ಚೀಟಿಯನ್ನ ಬೆನ್ನಿನ ಬುಡದಿಂದ ಒಂದೂವರೆ ಇಂಚು ಮೇಲೆ ಅಂಟಿಸಿ, ಎಲ್ಲವೂ ಒಂದೇ ಎತ್ತರದಲ್ಲಿ. ಪಿನ್ ಹೊಡೆದ ತೆಳು ಪುಸ್ತಕಕ್ಕೆ ಬೆನ್ನೇ ಇರಲ್ಲ, ಮುಂದಿನ ರಟ್ಟಿನ ಕೆಳಗಿನ ಎಡ ಮೂಲೆಗೆ ಹಾಕಿ. ಸೆಲ್ಲೋಟೇಪ್ ಬೇಡ. ಎರಡು ಮೂರು ವರ್ಷಕ್ಕೆ ಹಳದಿಯಾಗಿ ಕಳಚಿಕೊಳ್ಳುತ್ತೆ, ಅದರ ಅಂಟು ಪಕ್ಕದ ಪುಸ್ತಕ ಹಿಡಿಯುತ್ತೆ. ಮನೆಯಲ್ಲಿ ಕಾಯಿಸಿದ ಮೈದಾ ಅಂಟಿಗೆ ಹುಳ ಬರುತ್ತೆ, ಅದಕ್ಕೇ ಬೈಂಡಿಂಗ್‌ನವರು ಮೈಲುತುತ್ತ ಬೆರೆಸೋದು. ಮೈಲುತುತ್ತ ವಿಷ, ಬಾಯಿಗೆ ಪುಸ್ತಕ ಇಡೋ ಮಕ್ಕಳ ವಿಭಾಗಕ್ಕೆ ಅದು ಸುಳಿಯಬಾರದು. ಅಂಗಡಿಯ ಬಿಳಿ ಫೆವಿಕಾಲ್ ತೆಳುವಾಗಿ ಹಚ್ಚಿದ್ರೆ ಸಾಕು.

ಎರವಲು ಕೊಡೋದನ್ನ ಒಂದೇ ಉದ್ದ ನೋಟ್‌ಬುಕ್ಕಿನಲ್ಲಿ ಬರೀತಿದ್ರೆ ನಿಲ್ಲಿಸಿ. ‘ಈ ಪುಸ್ತಕ ಯಾರ ಹತ್ರ ಇದೆ’ ಅಂದ್ರೆ ನಲವತ್ತು ಪುಟ ತಿರುವಬೇಕು. ಪುಸ್ತಕದ ಒಳಗೆ ಒಂದು ಕಾಗದದ ಜೇಬು, ಅದರಲ್ಲಿ 5 × 3 ಇಂಚಿನ ಕಾರ್ಡು, ಕಾರ್ಡಿನ ಮೇಲೆ ಪುಸ್ತಕದ ನಂಬರು, ಹೆಸರು. ಕೊಡುವಾಗ ಕಾರ್ಡಿನಲ್ಲಿ ಸದಸ್ಯರ ನಂಬರು ಬರೆದು, ವಾಪಸ್ ತಾರೀಕಿನ ಪ್ರಕಾರ ಪೆಟ್ಟಿಗೆಯಲ್ಲಿ ನಿಲ್ಲಿಸಿ. ಸ್ವೀಟ್ ಬಾಕ್ಸ್ ಆದ್ರೂ ಆಗುತ್ತೆ. ವಾಯಿದೆ ಮೀರಿದ್ದು ತಾನಾಗಿ ಮುಂದೆ ಬಂದು ನಿಂತಿರುತ್ತೆ. ಎಲ್ಲಾ ವಾಯಿದೆಯೂ ಶನಿವಾರಕ್ಕೇ ಬೀಳೋ ಹಾಗೆ ಇಡಿ, ದಿನಾ ಪೆಟ್ಟಿಗೆ ನೋಡೋದು ತಪ್ಪುತ್ತೆ.

ಒಂದು ಪುಸ್ತಕಕ್ಕೆ ಜೇಬು, ಕಾರ್ಡು, ಚೀಟಿ, ಚುಕ್ಕಿ ಎಲ್ಲಾ ಸೇರಿ 4 ನಿಮಿಷ ಅಂದ್ರೂ 4,312ಕ್ಕೆ 287 ಗಂಟೆ. ಅಷ್ಟು ಹೊತ್ತು ನಿಮಗೆಲ್ಲಿದೆ? ಮಕ್ಕಳ ಪುಸ್ತಕದಿಂದ ಶುರು ಮಾಡಿ, ಆಮೇಲೆ ವಾಪಸ್ ಬಂದ ಪುಸ್ತಕಕ್ಕೆ ಬಂದ ಹಾಗೇ ಮಾಡಿ. ಓಡಾಡೋ ಪುಸ್ತಕ ಮೊದಲು ತಯಾರಾಗುತ್ತೆ, ಕೂತಿರೋದು ಕೂತಿರಲಿ.

ಶನಿವಾರ ಬೆಳಿಗ್ಗೆ

ಮಕ್ಕಳ ಕಾರ್ಯಕ್ರಮ ಅಂದ ತಕ್ಷಣ ಪ್ರಬಂಧ ಸ್ಪರ್ಧೆ, ಭಾಷಣ, ಫೋಟೊ, ಬಹುಮಾನ ಅಂತ ಹೋಗಬೇಡಿ ಮೇಡಂ. ಆ ಒಂದು ದಿನ 80 ಮಕ್ಕಳು, ಮಾರನೇ ವಾರ ಇಬ್ಬರು. ವಾರಕ್ಕೊಂದು ಸಲ, ಅದೇ ದಿನ, ಅದೇ ಹೊತ್ತು, 45 ನಿಮಿಷ. ಶನಿವಾರ ಶಾಲೆ ಬೆಳಗಿನ ಪಾಳಿ ಇರೋದ್ರಿಂದ ಬಿಟ್ಟ ಕೂಡಲೇ ಇಡಬೇಡಿ, ಹಸಿದಿರ್ತಾರೆ. ಊಟ ಮುಗಿಸಿ ಮೂರು ಗಂಟೆಗೆ.

12 ನಿಮಿಷ ನೀವು ಗಟ್ಟಿಯಾಗಿ ಓದಿ. ಪುಸ್ತಕ ಮುಖದ ಮುಂದೆ ಅಲ್ಲ, ಕೆನ್ನೆ ಪಕ್ಕ, ಚಿತ್ರ ಮಕ್ಕಳ ಕಡೆಗೆ. ಪಕ್ಕದಿಂದ ಓದೋಕೆ ಆಗಬೇಕಾದ್ರೆ ಹಿಂದಿನ ದಿನ ಎರಡು ಸಲ ಓದಿರಬೇಕು. ಕಥೆ ಮುಗಿದ ಮೇಲೆ ‘ಇದರ ನೀತಿ ಏನು’ ಅಂತ ಕೇಳಬೇಡಿ, ಅಲ್ಲಿಗೆ ಅದು ಶಾಲೆ ಆಗಿಹೋಗುತ್ತೆ. ಆಮೇಲೆ 20 ನಿಮಿಷ ಅವರೇ ಆರಿಸಿ ಓದಲಿ, ಚಿತ್ರ ನೋಡೋದೂ ಓದೇ. ಕೊನೇಗೆ ಮನೆಗೆ ಒಂದೊಂದು ಪುಸ್ತಕ. 25 ಮಕ್ಕಳು ದಾಟಿದ್ರೆ ಎರಡು ತಂಡ ಮಾಡಿ, ಆ ಕೋಣೆಯಲ್ಲಿ ಹಿಂದೆ ಕೂತವರಿಗೆ ಚಿತ್ರ ಕಾಣಲ್ಲ.

ಮಕ್ಕಳ ಪುಸ್ತಕವನ್ನ ಬೆನ್ನು ಕಾಣೋ ಹಾಗೆ ಜೋಡಿಸೋದು ದಂಡ. ಕಿಟಕಿಯಿಂದ ಕಿಟಕಿಗೆ ನೈಲಾನ್ ಹಗ್ಗ ಕಟ್ಟಿ, ಬಟ್ಟೆ ಒಣಹಾಕೋ ಕ್ಲಿಪ್ಪಲ್ಲಿ ಮುಖಪುಟ ಕಾಣೋ ಹಾಗೆ ನೇತುಹಾಕಿ. ಎತ್ತರ ಎಂಟು ವರ್ಷದ ಮಗುವಿನ ಕಣ್ಣಿನ ಮಟ್ಟಕ್ಕೆ. 15 ಪುಸ್ತಕ ಸಾಕು, ವಾರ ವಾರ ಬದಲಿಸಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದ ಅಡಿ ಮಕ್ಕಳಿಗೆ ಸದಸ್ಯತ್ವ ಉಚಿತ. ಹರಿದು ತಂದ್ರೆ ದಂಡ ಕೇಳಬೇಡಿ. ದಂಡ ಕೇಳಿದ ಮನೆಯಿಂದ ಮತ್ತೆ ಆ ಮಗು ಬರಲ್ಲ, ಪುಸ್ತಕವೂ ಬರಲ್ಲ. ಹರಿದದ್ದಕ್ಕೆ ಅಂತ ಒಂದು ಬುಟ್ಟಿ ಇಟ್ಟು ತಿಂಗಳಿಗೊಮ್ಮೆ ಅದೇ ಮಕ್ಕಳನ್ನ ಕೂರಿಸಿಕೊಂಡು ಅಂಟಿಸಿ.

ಪುಸ್ತಕ ಸಾಲದಿದ್ರೆ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಮುಕ್ತ ಪರವಾನಗಿಯಲ್ಲಿ ಇವೆ, ಇಳಿಸಿಕೊಂಡು ಅಚ್ಚು ಹಾಕಬಹುದು. ಲೇಖಕರ, ಚಿತ್ರಕಾರರ ಹೆಸರಿನ ಪುಟ ಬಿಡದೆ ಹಾಕಿ.

ಕಾಫಿಸೀಮೆ

ತುಂಬಾ ಉಪಕಾರ. ಇನ್ನೊಂದು ತಾಪತ್ರಯ. ಪಿಡಿಒ, ಎಸ್‌ಡಿಎ, ಕಾನ್‌ಸ್ಟೆಬಲ್ ಪರೀಕ್ಷೆಗೆ ಓದೋ ಏಳೆಂಟು ಹುಡುಗ ಹುಡುಗಿಯರು ಬರ್ತಾರೆ. ಪೇಪರ್ ಓದೋ ಹಿರಿಯರ ಮಾತುಕತೆ ಇವರಿಗೆ ಕಿರಿಕಿರಿ, ಇವರ ಮುಖ ಹಿರಿಯರಿಗೆ ಕಿರಿಕಿರಿ. ಮತ್ತೆ ಸಾಫ್ಟ್‌ವೇರ್ ವಿಷಯ ಯಾರೂ ಹೇಳಲಿಲ್ಲ.

ಹಳೇ ಲೆಡ್ಜರ್

ಪೇಪರನ್ನ ಜಗುಲಿಗೆ ಕಳಿಸಿ. ಇಳಿಜಾರು ಹಲಗೆಯ ಒಂದು ಸ್ಟ್ಯಾಂಡು, ಎರಡು ಬೆಂಚು. ಪೇಪರಿನ ನಡು ಮಡಿಕೆಗೆ ದಾರ ಹಾಕಿ ಹೊಲಿದ್ರೆ ಹಾಳೆ ಹಂಚಿಹೋಗಲ್ಲ, ಗಾಳಿಗೂ ಹಾರಲ್ಲ. ಹಿರಿಯರಿಗೆ ಮಾತಾಡೋ ಜಾಗವೂ ಆಯ್ತು. ಮಳೆ ಇರಚಲು ಬರೋ ಕಡೆ ಟಾರ್ಪಾಲು ಇಳಿಬಿಡಿ.

ಪರೀಕ್ಷೆಯವರಿಗೆ ಬೇಕಾದ್ದು ಪುಸ್ತಕಕ್ಕಿಂತ ಮೇಜು, ಬೆಳಕು, ಚಾರ್ಜರ್ ಪಾಯಿಂಟು. ದಪ್ಪ ಗೈಡುಗಳಿಗೆ ದುಡ್ಡು ಸುರಿಯಬೇಡಿ, ಮುಂದಿನ ಅಧಿಸೂಚನೆಗೆ ಹಳೇದಾಗಿರುತ್ತೆ. 6ರಿಂದ 10ನೇ ತರಗತಿಯ ಸಮಾಜ ವಿಜ್ಞಾನ, ವಿಜ್ಞಾನ ಪಠ್ಯಪುಸ್ತಕಗಳ ಎರಡು ಸೆಟ್ ಇಡಿ, ಆ ಪರೀಕ್ಷೆಗಳ ಬುಡ ಇರೋದೇ ಅಲ್ಲಿ. ಕೆಪಿಎಸ್‌ಸಿ, ಕೆಇಎ ತಾಣಗಳಿಂದ ಹಳೇ ಪ್ರಶ್ನೆಪತ್ರಿಕೆ ಇಳಿಸಿ, ಅಚ್ಚು ಹಾಕಿ, ಪರೀಕ್ಷೆವಾರು ಫೈಲು ಮಾಡಿ. ಈ ಫೈಲು ಮನೆಗೆ ಕೊಡಬೇಡಿ, ಕೊಟ್ರೆ ಒಬ್ಬನ ಹತ್ರ ಉಳಿದುಬಿಡುತ್ತೆ.

ಸಮಯ ಬದಲಿಸೋಕೆ ಮುಂಚೆ ಎರಡು ವಾರ ಗಂಟೆಗೊಂದು ಸಾಲು ಹಾಕಿ ಎಣಿಸಿ: ಎಷ್ಟು ಜನ, ಪೇಪರಿಗಾ, ಪುಸ್ತಕಕ್ಕಾ, ಪರೀಕ್ಷೆಗಾ. ‘ಕೇಳಿದ್ರು, ಸಿಗಲಿಲ್ಲ’ ಅಂತ ಇನ್ನೊಂದು ನೋಟ್‌ಬುಕ್ ಇಡಿ. ಮುಂದಿನ ಖರೀದಿ ಪಟ್ಟಿ ಅಲ್ಲೇ ಹುಟ್ಟುತ್ತೆ. ಓದಿದ ಪುಸ್ತಕವನ್ನ ಮೇಜಿನ ಮೇಲೇ ಬಿಡಿ ಅಂತ ಹೇಳಿ, ಮುಚ್ಚುವಾಗ ಎಣಿಸಿ ಎತ್ತಿಡಿ. ಅಲ್ಲೇ ಕೂತು ಓದಿದ ಲೆಕ್ಕ ಯಾರೂ ಹಿಡಿಯಲ್ಲ, ಬಹಳ ಸಲ ಅದು ಎರವಲಿಗಿಂತ ದೊಡ್ಡದು.

ಯೂನಿಕೋಡ್ ಉಪದ್ರವ

ಸಾಫ್ಟ್‌ವೇರ್: ಈ ವರ್ಷ ಬೇಡ. ಕೋಹಾ ಮುಕ್ತ ತಂತ್ರಾಂಶ, ಒಳ್ಳೇದೇ, ಆದರೆ ಅದಕ್ಕೆ ಸರ್ವರ್ ನೋಡಿಕೊಳ್ಳೋರು ಬೇಕು. ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿಯ ಇ-ಗ್ರಂಥಾಲಯ ಸರ್ಕಾರಿ ಗ್ರಂಥಾಲಯಗಳಿಗಂತಲೇ ಮಾಡಿದ್ದು, ಮುಂದೆ ಇಲಾಖೆ ಹೇಳಿದ್ರೆ ಅದಕ್ಕೆ ಹೋಗಬಹುದು. ಎರಡಕ್ಕೂ ಮೊದಲು ಬೇಕಾದ್ದು ಶುದ್ಧವಾದ ಪಟ್ಟಿ. ಬಾರ್‌ಕೋಡ್ ತೋರಿಸಿದ್ರೆ ವಿವರ ತಾನಾಗೇ ಬರುತ್ತೆ ಅಂತ ಯಾರಾದ್ರೂ ಮಾರೋಕೆ ಬಂದ್ರೆ ನಂಬಬೇಡಿ, ಹಳೇ ಕನ್ನಡ ಪುಸ್ತಕಗಳಿಗೆ ಬಾರ್‌ಕೋಡಿಗೆ ಬೇಕಾದ ಐಎಸ್‌ಬಿಎನ್ ಸಂಖ್ಯೆಯೇ ಇರಲ್ಲ.

ಒಂದು ಎಕ್ಸೆಲ್ ಹಾಳೆ: ನಂಬರು, ಲೇಖಕರು, ಹೆಸರು, ಪ್ರಕಾಶಕರು, ವರ್ಷ, ಪುಟ, ಬೆಲೆ, ಬಣ್ಣ, ಎಲ್ಲಿದೆ (ಹಲಗೆ, ಪೆಟ್ಟಿಗೆ, ಇಲ್ಲ). ಒಂದು ಕೋಶಕ್ಕೆ ಒಂದೇ ವಿಷಯ. ಅತಿ ಮುಖ್ಯ, ಯೂನಿಕೋಡಲ್ಲೇ ಟೈಪ್ ಮಾಡಿ. ‘ನುಡಿ’ ತಂತ್ರಾಂಶದ ಹಳೇ ಫಾಂಟಲ್ಲಿ ಟೈಪಿಸಿದ್ರೆ ನಿಮ್ಮ ಕಂಪ್ಯೂಟರಲ್ಲಿ ಕನ್ನಡ, ಬೇರೆ ಕಡೆ ತೆರೆದ್ರೆ ಕಸ. ಹುಡುಕೋಕೂ ಆಗಲ್ಲ, ಅಕಾರಾದಿ ಕೂಡಿಸೋಕೂ ಆಗಲ್ಲ. ಪರೀಕ್ಷೆ ಸುಲಭ: ಒಂದು ಸಾಲು ಕಾಪಿ ಮಾಡಿ ವಾಟ್ಸ್ಆ್ಯಪಿಗೆ ಹಾಕಿ, ಕನ್ನಡವಾಗೇ ಕಂಡ್ರೆ ಸರಿ.

ಬಣ್ಣದ ಚುಕ್ಕಿ

ದುಡ್ಡಿನ ಮಾತು. ₹30,000 ಹೀಗೆ ಹಂಚಬಹುದು: ₹12,000 ಮಕ್ಕಳ ಪುಸ್ತಕ, ₹8,000 ಜಗುಲಿಯ ಸ್ಟ್ಯಾಂಡು, ದೀಪ, ಪ್ಲಗ್ ಪಾಯಿಂಟು, ₹4,000 ಕಾರ್ಡು, ಜೇಬು, ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆ. ಮಿಕ್ಕ ₹6,000 ಈಗಲೇ ಮುಗಿಸಬೇಡಿ, ‘ಕೇಳಿದ್ರು, ಸಿಗಲಿಲ್ಲ’ ನೋಟ್‌ಬುಕ್ಕಿಗೆ ಇಡಿ. ಮಕ್ಕಳ ಪುಸ್ತಕಕ್ಕೆ ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್, ನವಕರ್ನಾಟಕ ಪಟ್ಟಿ ತರಿಸಿ ನೀವೇ ಆರಿಸಿ. ‘₹12,000ಕ್ಕೆ ಎಷ್ಟು ಬರುತ್ತೋ ಕಳಿಸಿ’ ಅಂತ ಮಾತ್ರ ಬರೀಬೇಡಿ, ಗೋದಾಮಿನಲ್ಲಿ ಉಳಿದದ್ದೇ ಬರುತ್ತೆ. ಮುಂದಿನ ವರ್ಷದ ಕ್ರಿಯಾಯೋಜನೆ ಹೊತ್ತಿಗೆ ಗ್ರಂಥಾಲಯ ಕರದ ಲೆಕ್ಕ ಕೇಳಿ. ಮನೆ ತೆರಿಗೆ ರಸೀದಿಯಲ್ಲಿ ಆ ಸಾಲು ಇರುತ್ತೆ, ತೆರಿಗೆಯ ಶೇ 6. ₹5 ಲಕ್ಷ ತೆರಿಗೆ ವಸೂಲಾದ್ರೆ ₹30,000.

ಕಾಫಿಸೀಮೆ

ಮಾದರಿ ಎಣಿಕೆ ಸೋಮವಾರದಿಂದ. ಅದಕ್ಕೆ ಮೊದಲು ಗೋಣಿಚೀಲ ಬಿಚ್ಚಬೇಕು. ಈ ಮಳೆಯಲ್ಲಿ ಬಿಚ್ಚಲಾ?

ಹಳೇ ಲೆಡ್ಜರ್

ಮಳೆ ಬಿಡುವು ಕೊಟ್ಟ ದಿನ, ದಿನಕ್ಕೆ ಒಂದೇ ಚೀಲ, ಜಗುಲಿಯ ಮೇಲೆ. ಮಾದರಿ ಎಣಿಕೆ ಒಂದು ವಾರ ಮುಂದೆ ಹೋದ್ರೂ ಪರವಾಗಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಬೂಷ್ಟು ಹಿಡಿದದ್ದನ್ನ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಹರಡುತ್ತೆ. ಪುಟದ ನಡುವೆ ನಾಲ್ಕೈದು ಕಡೆ ಅಚ್ಚಿಲ್ಲದ ಕಾಗದ ಇಟ್ಟು ಫ್ಯಾನ್ ಗಾಳಿಗೆ ನಿಲ್ಲಿಸಿ, ಒಣಗಿದ ಮೇಲೆ ಮೆತ್ತನೆ ಬ್ರಷ್‌ನಲ್ಲಿ ಹೊರಗೆ ಕೊಡವಿ. ಬಿಸಿಲಿಗೆ ಹಾಕಿದ್ರೆ ರಟ್ಟು ಸೊಟ್ಟಗಾಗುತ್ತೆ. ಮಣ್ಣಿನ ಗೆರೆ, ತೂತು ಕಂಡ ಪುಸ್ತಕ ಗೆದ್ದಲು ಮುಟ್ಟಿದ್ದು, ಅದನ್ನ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬೇರೆ ಇಡಿ, ನಂಬರು ಬರ್ಕೊಳ್ಳಿ. ರ‍್ಯಾಕುಗಳನ್ನ ಗೋಡೆಯಿಂದ ಅರ್ಧ ಅಡಿ ಈಚೆಗೆ ಎಳೆಯಿರಿ, ಹಿಂದೆ ಗೆದ್ದಲ ಗೆರೆ ಏರಿದ್ರೆ ಕಾಣಬೇಕು. ಖಾಲಿಯಾದ ಗೋಣಿಚೀಲವನ್ನ ಮಾತ್ರ ಒಳಗೆ ವಾಪಸ್ ತರಬೇಡಿ.